ಒಂದು ಹೊರೆ ಕಟಗಿ

ನಮ್ಮ ಕಡೆಯ ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಇಂಥದೇ ಋತು ಅಂತ ಇಲ್ಲ. ಕಾರಹುಣ್ಣಿಮೆ ಬಂತೆಂದರೆ ಮುಂಗಾರಿನ ಮೋಡ, ಎಳ್ಳಮಾಸಿ ಬಂತೆಂದರೆ ಹಿಂಗಾರಿ ಜೋಳದ ಹೊಲ, ಉಗಾದಿ ಬಂತೆಂದರೆ ಬೇವಿನ ಹೂ. ಉಳಿದ ಹಬ್ಬಗಳೆಲ್ಲ ಹೊಲದ ಜೊತೆ ಬಂದು ಹೊಲದ ಜೊತೆ ಹೋಗುತ್ತವೆ. ಅಲಾಯಿ ಮಾತ್ರ ಚಂದ್ರನನ್ನೇ ನಂಬಿ ಹೊರಟ ಹಬ್ಬ. ಹಿಜರಿ ವರ್ಷಕ್ಕೆ 354 ದಿನ, ಅಧಿಕ ಮಾಸ ಅದಕ್ಕಿಲ್ಲ. ಹೀಗಾಗಿ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, ಹೆಚ್ಚುಕಡಿಮೆ 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅಪ್ಪನ ಅವ್ವ, ನಮ್ಮ ಆಯಿ, ಈ ಹಬ್ಬವನ್ನು ಬಿತ್ತಿಗೆಯಲ್ಲಿ ನೋಡಿದ್ದಾಳೆ, ಸುಗ್ಗಿಯಲ್ಲಿ ನೋಡಿದ್ದಾಳೆ, ಬಾವಿ ಬತ್ತಿದ ಬ್ಯಾಸಿಗೆಯಲ್ಲೂ ನೋಡಿದ್ದಾಳೆ. "ಈ ದೇವ್ರು ನಮಗ ಯಾವಾಗ ಪುರಸೊತ್ತೈತಿ ಅಂತ ಕೇಳಿ ಬರಂಗಿಲ್ಲವ್ವ. ಬಂದಾಗ ನಾವ ಎದ್ದು ನಿಂದ್ರಬೇಕು" ಅನ್ನುತ್ತಾಳೆ.

ನಮ್ಮೂರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿದೆ, ಮುದಗಲ್ಲಿನ ಕೋಟೆಯಿಂದ ದೂರವಿಲ್ಲ. ಮೊಹರಂ ಅಂದರೆ ಮುದಗಲ್ಲು ಅನ್ನುವಷ್ಟು ಆ ಊರು ನಮ್ಮ ಸೀಮೆಯಲ್ಲಿ ಹೆಸರುವಾಸಿ. ಹಬ್ಬ ಹತ್ತಿರ ಬಂತೆಂದರೆ ಬೆಂಗಳೂರು, ಹೈದರಾಬಾದು, ಪುಣೆ, ಗೋವಾ ಕಡೆ ಗುಳೆ ಹೋದವರು ಗಂಟುಮೂಟೆ ಕಟ್ಟಿಕೊಂಡು ವಾಪಸು ಬರುತ್ತಾರೆ. ದೀಪಾವಳಿಗೆ ಬರದ ಮಗ ಅಲಾಯಿಗೆ ಬಂದೇ ಬರುತ್ತಾನೆ. ವರ್ಷವಿಡೀ ಬೀಗ ಜಡಿದಿದ್ದ ಮನೆಗಳ ಮುಂದೆ ಆಗ ಸಗಣಿ ಸಾರಣೆ ಆಗುತ್ತದೆ, ರಂಗೋಲಿ ಬೀಳುತ್ತದೆ. ನಮ್ಮ ಕಡೆಯ ಯಾವ ಸಾಲಿಯ ಹಾಜರಿ ಪುಸ್ತಕ ತೆಗೆದರೂ ಹುಸೇನಪ್ಪ, ಹುಸೇನಮ್ಮ, ಮೌಲಪ್ಪ, ಫಕೀರಪ್ಪ ಎಂಬ ಹೆಸರುಗಳು ಸಿಗುತ್ತವೆ. ಅವರಲ್ಲಿ ಬಹಳಷ್ಟು ಮಕ್ಕಳು ಹಿಂದೂ ಮನೆಗಳವರು. ಅಲಾಯಿಯಲ್ಲಿ ಕೂಡ್ರಿಸುವ ಪೀರಲ ದೇವರಿಗೆ ಬೇಡಿಕೊಂಡ ಮೇಲೆ ಹುಟ್ಟಿದವರೆಂದು ಆ ಹೆಸರು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಈ ಹಬ್ಬ ತಪ್ಪದೆ ನಡೆಯುವುದು ಉತ್ತರ ಕರ್ನಾಟಕದಲ್ಲಿ ಹೊಸ ಸಂಗತಿಯೇನಲ್ಲ.

ಮೊಹರಂ ತಿಂಗಳ ಎಳೆ ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಬೀಳುತ್ತದೆ. ದುಂಡಗೆ ಅಗೆದ ಆ ತಗ್ಗೇ ಅಲಾಯಿ ಕುಣಿ. ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ಹೊರತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಬಣ್ಣದ ಬಟ್ಟೆ ಉಡಿಸಿ, ಹೂವಿನ ಹಾರ ಹಾಕಿ ಕೂಡ್ರಿಸುತ್ತಾರೆ. ಹಿತ್ತಾಳೆಯ, ಬೆಳ್ಳಿಯ ಈ ಕೈಗಳಿಗೆ ಒಂದೊಂದು ಹೆಸರು: ಹಸೇನ, ಹುಸೇನ, ಮೌಲಾಲಿ, ಕಾಸಿಂ, ಬೀಬಿ ಫಾತಿಮಾ. ಮುಜಾವರ ಊದು ಹಾಕಿ, ಸಕ್ಕರೆ ಓದಿಸಿ ಕೊಡುತ್ತಾನೆ, ನವಿಲುಗರಿಯ ಕುಂಚವನ್ನು ತಲೆಗೆ ಮುಟ್ಟಿಸುತ್ತಾನೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಫಕೀರನಾದವನು ಕೆರವು ಮೆಟ್ಟುವುದಿಲ್ಲ, ಮಂಚದ ಮೇಲೆ ಮಲಗುವುದಿಲ್ಲ, ಮನೆ ಮನೆ ಬೇಡಿ ತಂದದ್ದನ್ನು ಉಣ್ಣುತ್ತಾನೆ. ಒಕ್ಕಲುತನದ ಮನೆಯ ನಮ್ಮಪ್ಪ ಇಂಥ ಫಕೀರ. ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ ಆ ದಿನಗಳಲ್ಲಿ ಬರಿಗಾಲಲ್ಲಿ ಜೋಳಿಗೆ ಹಿಡಿದು ನಿಂತದ್ದನ್ನು ನಾನು ಸಣ್ಣವಳಿದ್ದಾಗಿಂದ ನೋಡಿದ್ದೇನೆ. ಬೇಡುವುದರಲ್ಲಿ ಅವಮಾನವಿಲ್ಲ ಅನ್ನುವುದನ್ನು ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ, ಜೋಳಿಗೆ ಹಿಡಿದೇ ಕಲಿಸಿದ.

ಊರಿನ ಹಬ್ಬ ಪಾಲಿನ ಮೇಲೆ ನಡೆಯುತ್ತದೆ. ಪಂಜಿಗೆ ಎಣ್ಣೆ ಒಂದು ಮನೆಯದು, ಹೂವು ಇನ್ನೊಂದು ಮನೆಯದು. ಹಲಗೆ ಬಾರಿಸುವವರು, ಡೋಲಿ ಹೊರುವವರು, ಹೆಜ್ಜೆ ಹಾಕಿ ಪದ ಹೇಳುವವರು, ಎಲ್ಲರೂ ಗೊತ್ತಾದವರೇ. ಬರೆದಿಟ್ಟ ಕಾಗದ ಯಾವುದೂ ಇಲ್ಲ. ನಮ್ಮ ಮನೆಯ ಪಾಲಿಗೆ ಬಂದದ್ದು ಕಟಗಿ. ಅಪ್ಪ ಕೂಸಿದ್ದಾಗ ಜ್ವರ ಬಂದು ಕಣ್ಣು ತೇಲಿಸಿದನಂತೆ. ದವಾಖಾನೆಗೆ ಗಾಡಿ ಹೂಡುವ ಮೊದಲು ಆಯಿ ಮಸೂತಿಯ ಕಟ್ಟೆಗೆ ಸೆರಗು ಹಾಸಿ, "ನನ್ನ ಮಗ ಉಳಿದ್ರ ನಿನ್ನ ಕುಣಿಗೆ ಪ್ರತಿ ವರ್ಷ ಕಟಗಿ ಹೊರತೀನಿ" ಅಂದಳು. ಮಗ ಉಳಿದ. ದವಾಖಾನೆಯ ಸೂಜಿಯಿಂದ ಉಳಿದನೋ ದೇವರಿಂದ ಉಳಿದನೋ ಅನ್ನುವ ಪ್ರಶ್ನೆ ನನಗೆ ಕಾಲೇಜಿಗೆ ಬಂದ ಮೇಲೆ ಹುಟ್ಟಿತು. ಆಯಿಗೆ ಅದು ಪ್ರಶ್ನೆಯೇ ಅಲ್ಲ. ಸೂಜಿಗೆ ರೊಕ್ಕ ಕೊಟ್ಟಾಗಿದೆ, ದೇವರಿಗೆ ಕಟಗಿ ಕೊಡಬೇಕು. ಎರಡೂ ಲೆಕ್ಕ ಚುಕ್ತಾ ಆಗಬೇಕು, ಅಷ್ಟೇ.

ಕರ್ಬಲಾದ ಕತೆ ಇರಾಕಿನದು. ಕ್ರಿ.ಶ. 680ರಲ್ಲಿ, ಮೊಹರಂ ತಿಂಗಳ ಹತ್ತನೇ ದಿನ, ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಯಜೀದನ ಸೈನ್ಯದ ಎದುರು ತಮ್ಮ ಸಣ್ಣ ಪರಿವಾರದೊಂದಿಗೆ ಹತರಾದರು. ಅದಕ್ಕೂ ನಮ್ಮೂರ ಕರಿಮಣ್ಣಿಗೂ ಎಲ್ಲಿಯ ಸಂಬಂಧ ಅನ್ನುವವರು ಒಮ್ಮೆ ಕತ್ತಲ ರಾತ್ರಿ, ಅಂದರೆ ಹತ್ತನೇ ದಿನದ ಹಿಂದಿನ ರಾತ್ರಿ, ನಮ್ಮೂರಿಗೆ ಬಂದು ಹೆಂಗಸರ ನಡುವೆ ಕೂತು ಕರ್ಬಲಾದ ಕತೆ ಹೇಳುವ ರಿವಾಯತ್ ಪದ ಕೇಳಬೇಕು. ಯುಫ್ರೆಟಿಸ್ ನದಿ ಕಣ್ಣಳತೆಯಲ್ಲೇ ಹರಿಯುತ್ತಿದೆ, ಹುಸೇನರ ಡೇರೆಯಲ್ಲಿ ಮಾತ್ರ ಕುಡಿಯಲು ನೀರಿಲ್ಲ. ಮಕ್ಕಳ ನಾಲಿಗೆ ಒಣಗಿದೆ. ನೀರು ತರಲು ಚೀಲ ಹೊತ್ತು ಹೋದ, ಹುಸೇನರ ತಮ್ಮ ಅಬ್ಬಾಸರ ತೋಳುಗಳನ್ನೇ ಕಡಿದುಹಾಕಿದರು. ಪದ ಇಲ್ಲಿಗೆ ಬಂದಾಗ ಹೆಂಗಸರ ಕಣ್ಣಲ್ಲಿ ನೀರು ತಡೆಯುವುದಿಲ್ಲ. ನಮ್ಮದು ಕೃಷ್ಣೆ, ತುಂಗಭದ್ರೆ ಎರಡರ ನಡುವಿನ ನೆಲ. ನಕಾಶೆಯಲ್ಲಿ ಎರಡು ಕಡೆ ನೀಲಿ ಗೆರೆ, ನಡುವೆ ಕೊಡ ಹೊತ್ತು ನಡೆದ ಹೆಂಗಸರು. ನದಿ ಹತ್ತಿರವಿದ್ದೂ ನೀರಿಲ್ಲದೆ ಇರುವುದೆಂದರೆ ಏನೆಂದು ಅವರಿಗೆ ಯಾರೂ ತಿಳಿಸಿ ಹೇಳಬೇಕಿಲ್ಲ. ಅದಕ್ಕೇ ಆ ದಿನ ದಾರಿಯಲ್ಲಿ ಹೋಗುವ ಯಾರನ್ನೂ ಬೆಲ್ಲದ ಶರಬತ್ತು ಕುಡಿಸದೆ ಬಿಡುವುದಿಲ್ಲ.

ಇತಿಹಾಸ ಓದುವ ವಿದ್ಯಾರ್ಥಿನಿಯಾದ್ದರಿಂದ ಈ ಹಬ್ಬ ಹೇಗೆ ಬಂತು ಎಂದು ಹುಡುಕಿದ್ದೇನೆ. ವಿಜಯಪುರದ ಆದಿಲಶಾಹಿ ಮನೆತನದ ಮೊದಲ ಅರಸ ಯೂಸುಫ್ ಆದಿಲಶಾಹ ಶಿಯಾ ಪಂಥವನ್ನು ರಾಜ್ಯದ ಪಂಥವನ್ನಾಗಿ ಸಾರಿದ. ಮುಂದೆ ಬಂದ ಅರಸರಲ್ಲಿ ಕೆಲವರು ಶಿಯಾ, ಕೆಲವರು ಸುನ್ನಿ. ಅರಮನೆಯ ಒಲವು ಅತ್ತಿತ್ತ ಆಡುತ್ತಿದ್ದರೂ ಮೊಹರಂ ಊರೂರಿಗೆ ಇಳಿಯಿತು. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದ. ಆ ಅರಸೊತ್ತಿಗೆ ಹೋಯಿತು, ಹಬ್ಬ ಹೋಗಲಿಲ್ಲ. ಯಾಕೆಂದರೆ ಅಷ್ಟೊತ್ತಿಗೆ ಅದನ್ನು ಹೊರುವವರು ಹಳ್ಳಿಯ ಜನ ಆಗಿದ್ದರು. ಮುಂದೆ 19ನೇ ಶತಮಾನದಲ್ಲಿ ಶಿಶುನಾಳದ ಷರೀಫರು ಅಲಾಯಿ ಪದಗಳನ್ನು ಕಟ್ಟಿ, ಕರ್ಬಲಾವನ್ನು ಕನ್ನಡದ ಹೆಜ್ಜೆಗೆ ಹೊಂದಿಸಿದರು. ನಮ್ಮ ಕಾಲದ ರಹಮತ್ ತರೀಕೆರೆಯವರು ಊರೂರು ಅಲೆದು ಕರ್ನಾಟಕದ ಮೊಹರಂ ಬಗ್ಗೆ ಬರೆದಿದ್ದಾರೆ. ಇವನ್ನೆಲ್ಲ ಓದಿದ ಮೇಲೆ ನನಗೆ ಆಯಿಯ ಕಟಗಿ ಹೊರೆ ಸಣ್ಣದಾಗಿ ಕಾಣಲಿಲ್ಲ. ಅರಸರು ಬಿಟ್ಟುಹೋದದ್ದನ್ನು ಉಳಿಸಿದ್ದು ಇಂಥ ಹೊರೆಗಳೇ.

ಧಾರವಾಡಕ್ಕೆ ಎಂ.ಎ. ಓದಲು ಬಂದಾಗ ಹಾಸ್ಟೆಲಿನ ನಮ್ಮ ಕೋಣೆಯಲ್ಲಿ ಮೂರು ಮಂಚ, ಗೋಡೆಯ ಮೇಲೆ ಮೂರು ಕ್ಯಾಲೆಂಡರು. ನನ್ನದು ತಿಥಿ, ನಕ್ಷತ್ರ, ಅಮಾಸಿ, ಹುಣ್ಣಿಮೆ ಇರುವ ಕನ್ನಡದ್ದು. ಹುಬ್ಬಳ್ಳಿಯ ಗೆಳತಿ ತಂದದ್ದು ಹಿಜರಿ ತಿಂಗಳುಗಳಿದ್ದದ್ದು. ಮೂರನೆಯದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಹುಡುಗಿಯದು, ಅವರ ಲಿಪಿಯಲ್ಲಿ. ಟಿಬೆಟಿನವರ ಲೆಕ್ಕದಲ್ಲೂ ನಮ್ಮ ಹಾಗೆ ಅಧಿಕ ಮಾಸ ಬರುತ್ತದೆ, ಅದರಿಂದ ಅವರ ಹೊಸ ವರ್ಷ ಲೋಸರ್ ಫೆಬ್ರವರಿ, ಮಾರ್ಚ್ ಬಿಟ್ಟು ಎಲ್ಲೂ ಓಡಿಹೋಗುವುದಿಲ್ಲ. ರಾತ್ರಿ ಓದು ಮುಗಿದ ಮೇಲೆ ಮೂವರೂ ಯಾರ ಹಬ್ಬ ಯಾರ ಪರೀಕ್ಷೆಗೆ ಅಡ್ಡ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆವು. ನಮ್ಮ ಗೆಳೆತನ ಬೆಳೆದದ್ದು ಈ ಲೆಕ್ಕಾಚಾರದಲ್ಲೇ.

ನಾನು ಅಲಾಯಿ ಹಬ್ಬದ ಮಾತು ತೆಗೆದಾಗ ಹುಬ್ಬಳ್ಳಿಯವಳು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದಳು. "ನಮ್ಮ ಮನ್ಯಾಗ ಪಂಜಾ ಕೂಡ್ರಸಂಗಿಲ್ಲ. ಒಂಬತ್ತು, ಹತ್ತು ಎರಡ ದಿನ ರೋಜಾ ಇರ್ತೀವಿ, ಖುರಾನ್ ಓದ್ತೀವಿ. ಬೆಂಕಿ, ಕುಣಿತ ನಮ್ಮ ಅಬ್ಬಾಗ ಮನಸಿಗೆ ಬರಂಗಿಲ್ಲ." ನನ್ನೂರಿನ ಹಬ್ಬವೇ ಮುಸ್ಲಿಮರ ಹಬ್ಬ ಅನ್ನುವ ಎಣಿಕೆಯಲ್ಲಿ ಬೆಳೆದವರಿಗೆ ಈ ಮಾತು ಒಮ್ಮೆಗೇ ಇಳಿಯುವುದಿಲ್ಲ. ಆದರೆ ಅವಳ ಮಾತಿನಲ್ಲಿ ನಮ್ಮನ್ನು ಹಳಿಯುವ ದನಿ ಇರಲಿಲ್ಲ. ತನ್ನ ಮನೆಯ ದಾರಿ ಹೇಳಿದಳು, ನನ್ನ ಮನೆಯ ದಾರಿ ಕೇಳಿದಳು. ಒಂದೇ ದಿನವನ್ನು ಒಬ್ಬರು ಮೌನದಲ್ಲಿ, ಒಬ್ಬರು ಹಲಗೆಯ ಸದ್ದಿನಲ್ಲಿ ಕಳೆಯಬಹುದು ಅನ್ನುವುದು ನಮ್ಮಿಬ್ಬರ ನಡುವೆ ಅವತ್ತೇ ಇತ್ಯರ್ಥವಾಯಿತು. ಆ ವರ್ಷ ಇಬ್ಬರು ಗೆಳತಿಯರೂ ನಮ್ಮೂರಿಗೆ ಬರುವುದೆಂದು ಗೊತ್ತಾಯಿತು.

ಕತ್ತಲ ರಾತ್ರಿಯ ಸಂಜೆ. ಹುಬ್ಬಳ್ಳಿಯವಳದು ರೋಜಾ. ಅದನ್ನು ಕೇಳಿದ್ದೇ ಆಯಿ ಮುಜಾವರರ ಮನೆಗೆ ಹೋಗಿ, ರೋಜಾ ಬಿಡುವವರಿಗೆ ಏನು ಕೊಡಬೇಕು, ಯಾವ ಹೊತ್ತಿಗೆ ಕೊಡಬೇಕು ಎಲ್ಲ ವಿಚಾರಿಸಿಕೊಂಡು ಬಂದಿದ್ದಳು. ಹೊತ್ತು ಮುಳುಗುವ ಮೊದಲೇ ಪಡಸಾಲೆಯಲ್ಲಿ ಒಗೆದ ಕೌದಿ ಹಾಸಿ, ಖರ್ಜೂರ, ಹೊಸ ಗಡಿಗೆಯ ನೀರು, ಸೋಂಪು ಹಾಕಿದ ಬೆಲ್ಲದ ಶರಬತ್ತು ಇಟ್ಟಳು. ಗೆಳತಿ ನಮಾಜಿಗೆ ನಿಲ್ಲುವಾಗ ನಮ್ಮ ಮನೆಯ ಜಗಲಿಯ ಮೇಲಿನ ದೇವರುಗಳ ಎದುರಿಗೇ ಕೌದಿ ಬಿದ್ದಿತ್ತು. ಅವಳು ತುಸು ಅನುಮಾನಿಸಿದ್ದನ್ನು ಕಂಡು ಆಯಿ ಕೌದಿಯನ್ನು ಎತ್ತಿ ಇನ್ನೊಂದು ಖೋಲಿಯಲ್ಲಿ ಹಾಸಿಕೊಟ್ಟಳು. ಒಂದು ಮಾತೂ ಆಡಲಿಲ್ಲ. ಗೆಳತಿ ಕುಣಿಯ ಕಡೆ ಬರಲಿಲ್ಲ, ಬಾ ಎಂದು ಯಾರೂ ಎಳೆಯಲಿಲ್ಲ. ಮನೆಯಲ್ಲೇ ಕೂತು ಅವ್ವನ ಜೊತೆ ಹಬ್ಬದ ಸಿಹಿ ಚೊಂಗೆ ಲಟ್ಟಿಸಿದಳು.

ಟಿಬೆಟಿನ ಗೆಳತಿ ನನ್ನ ಜೊತೆ ಕುಣಿಯ ಹತ್ತಿರ ಬಂದಳು. ಆಯಿ ಜಾಲಿ ಕಟಗಿಯ ಹೊರೆ ಹೊತ್ತು ಮುಂದೆ ನಡೆದಿದ್ದಳು. ಸೊಂಟ ಬಾಗಿತ್ತು, ಆದರೂ ಆ ಹೊರೆಯನ್ನು ಬೇರೆಯವರ ತಲೆಗೆ ಕೊಡುತ್ತಿರಲಿಲ್ಲ. ಕುಣಿಯ ಸುತ್ತ ಹಲಗೆ, ತಾಷೆ ಸದ್ದು, ಊದಿನ ಹೊಗೆ, ಹಸೇನ್ ಹುಸೇನ್ ಎನ್ನುವ ಕೂಗು. ಆಯಿ ಹೊರೆ ಇಳಿಸಿ, ಹಗ್ಗ ಬಿಚ್ಚಿ, ಒಂದು ದಪ್ಪನೆಯ ಕಟಗಿ ಎತ್ತಿ ಅವಳ ಕೈಗೆ ಕೊಟ್ಟಳು. "ತಗೋ ಯವ್ವಾ, ನಮ್ಮ ಪಾಲಿನ ಕಟಗಿ. ನೀನೂ ಒಂದ ಹಾಕು." ಅವಳು ಹಿಂಜರಿದಳು. "ನನಗೆ ಕತೆ ಪೂರ್ತಿ ಗೊತ್ತಿಲ್ಲ ಆಯಿ, ಹಾಕಬಹುದಾ?" ಎಂದಳು. ಆಯಿ ಅವಳ ಕೈ ಹಿಡಿದು ಕುಣಿಯ ಕಡೆ ನಡೆಸಿದಳು. "ಕತಿ ಆಮ್ಯಾಲೆ ತಿಳಿತೈತಿ. ಮದ್ಲ ಕಟಗಿ ಹಾಕು."

ನಸುಕಿನಲ್ಲಿ ಕೆಂಡ ಮಾಗಿದ ಮೇಲೆ ಪಂಜಾ ಹಿಡಿದವರು ಕಿಚ್ಚು ಹಾಯ್ದರು, ಹಿಂದೆ ಫಕೀರರು ಹಾಯ್ದರು. ಅಪ್ಪನೂ ಹಾಯ್ದ. ಎಲ್ಲ ಮುಗಿದು ಮನೆಗೆ ನಡೆಯುವಾಗ ಗೆಳತಿ ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದಳು. "ದುಃಖದ ವರ್ಷ ನಾವು ಹಬ್ಬ ಬಿಡ್ತೀವಿ. ನೀವು ದುಃಖವನ್ನೇ ಹಬ್ಬ ಮಾಡ್ತೀರಿ." ಆಗ ಅವಳ ಮಾತು ನನಗೆ ಅರ್ಧ ಮಾತ್ರ ತಿಳಿಯಿತು. ಉಳಿದರ್ಧ ತಿಳಿಯಲು ನಾನು ಮುಂಡಗೋಡಕ್ಕೆ ಹೋಗಬೇಕಾಯಿತು.

ಹುಬ್ಬಳ್ಳಿಯಿಂದ ತಡಸ ದಾಟಿದರೆ ಬಯಲು ಸೀಮೆ ಸವೆಯುತ್ತ ಬಂದು ಸಾಗವಾನಿ ಕಾಡು ಶುರುವಾಗುತ್ತದೆ. ಮುಂಡಗೋಡದ ಟಿಬೆಟಿಯನ್ ನೆಲೆ ಆರಂಭವಾದದ್ದು 1966ರಲ್ಲಿ. ಬೈಲಕುಪ್ಪೆಯ ಎರಡು, ಹುಣಸೂರು, ಕೊಳ್ಳೇಗಾಲ ಮತ್ತು ಮುಂಡಗೋಡ ಸೇರಿ ನಮ್ಮ ರಾಜ್ಯದಲ್ಲಿ ಇಂಥ ಐದು ನೆಲೆಗಳಿವೆ. ಟಿಬೆಟಿನ ದೊಡ್ಡ ವಿದ್ಯಾಪೀಠಗಳಾಗಿದ್ದ ಗಾಂದೆನ್, ದ್ರೆಪುಂಗ್ ಮಠಗಳು ಈಗ ಇಲ್ಲಿ ಮತ್ತೆ ತಲೆಯೆತ್ತಿ ನಿಂತಿವೆ. ನನ್ನ ಗೆಳತಿಯ ಅಜ್ಜಿ, ಮನೆಯವರ ಬಾಯಲ್ಲಿ ಮೋಲಾ, ಮೊದಲ ವರ್ಷಗಳಲ್ಲಿ ಕಾಡು ಸವರಿ ಹೊಲ ಮಾಡಿದವರಲ್ಲಿ ಒಬ್ಬಳು. ಹಿಮದ ನಾಡಿನಿಂದ ಬಂದವರು ಗೋವಿನಜೋಳ ಬಿತ್ತಲು ಕಲಿತರು. ಹೊಲದ ದುಡಿಮೆ ಸಾಲದಾದಾಗ ಸ್ವೆಟರ್ ವ್ಯಾಪಾರ ಹಿಡಿದರು. ಚಳಿಗಾಲದಲ್ಲಿ ನಮ್ಮ ಊರುಗಳ ರಸ್ತೆ ಬದಿ ಸಾಲಾಗಿ ಸ್ವೆಟರ್ ಹರವಿಕೊಂಡು ಕೂಡುವವರು ಇವರೇ. ಗೆಳತಿಯ ಅಪ್ಪ, ಅಮ್ಮ ಕೂಡ ಅಕ್ಟೋಬರಿನಲ್ಲಿ ಮನೆ ಬಿಟ್ಟರೆ ಚಳಿ ಮುಗಿದ ಮೇಲೆ, ಲೋಸರ್ ಹೊತ್ತಿಗೆ ಮರಳುವವರು. ಇದನ್ನು ಕೇಳಿದಾಗ ನನಗೆ ಗುಳೆ ಹೋಗಿ ಅಲಾಯಿಗೆ ಬರುವ ನಮ್ಮೂರವರ ನೆನಪಾಯಿತು. ಹೊಟ್ಟೆಪಾಡಿಗೆ ಚೆದುರಿದವರನ್ನು ಮನೆಗೆ ಕರೆಯಲು ಎರಡು ಕಡೆಯೂ ಹಬ್ಬವೇ ಬೇಕಾಯಿತು.

ಟಿಬೆಟಿನ ವರ್ಷದ ಕೊನೆಯ ತಿಂಗಳ 29ನೇ ರಾತ್ರಿ ಗುಥುಕ್ ಎಂಬ ಗಂಜಿಯಂಥ ಸಾರು ಮಾಡುತ್ತಾರೆ. ಅದರಲ್ಲಿ ಹಿಟ್ಟಿನ ಸಣ್ಣ ತುಣುಕುಗಳು, ಮೂಲಂಗಿ, ಒಣಗಿಸಿದ ಗಿಣ್ಣು, ಮಾಂಸ ಹೀಗೆ ಒಂಬತ್ತು ಬಗೆ ಬೀಳುತ್ತವೆ. ಲೋಸರ್‌ಗೆಂದು ನಾನೂ ಹುಬ್ಬಳ್ಳಿಯ ಗೆಳತಿಯೂ ಹೋಗಿದ್ದ ಆ ರಾತ್ರಿ ಒಲೆಯ ಮೇಲೆ ಎರಡು ಪಾತ್ರೆ ಇದ್ದವು. ಹುಬ್ಬಳ್ಳಿಯ ಗೆಳತಿಗೆ ಹಲಾಲ್ ಅಲ್ಲದ ಮಾಂಸ ನಡೆಯುವುದಿಲ್ಲವೆಂದು ಟಿಬೆಟಿನ ಗೆಳತಿಯ ಅಮ್ಮ ಅವಳಿಗಾಗಿ ಮಾಂಸವಿಲ್ಲದ ಸಾರನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿದ್ದರು. ಆಯಿ ಕೌದಿ ಎತ್ತಿ ಹಾಸಿದ ರೀತಿಯೇ ಇದೂ. ಆ ಆಯಿ, ಈ ಅಮ್ಮ ಒಬ್ಬರನ್ನೊಬ್ಬರು ನೋಡಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು.

ಪ್ರತಿಯೊಬ್ಬರ ಬಟ್ಟಲಿನಲ್ಲಿ ಒಂದು ದೊಡ್ಡ ಹಿಟ್ಟಿನ ಉಂಡೆ. ಒಡೆದರೆ ಒಳಗೆ ಏನೋ ಒಂದು ಇರುತ್ತದೆ. ಮೆಣಸಿನಕಾಯಿ ಸಿಕ್ಕವರು ಮಾತಾಳಿ, ಉಪ್ಪು ಸಿಕ್ಕವರು ಮೈಗಳ್ಳರು, ಇದ್ದಿಲು ಸಿಕ್ಕವರು ಕಪ್ಪು ಮನಸ್ಸಿನವರು, ಉಣ್ಣೆ ಸಿಕ್ಕವರು ಮೆದು ಹೃದಯದವರು, ಕಾಗದ ಸಿಕ್ಕವರು ಓದಿನವರು. ಇದ್ದಿಲು ಸಿಕ್ಕದ್ದು ಮೋಲಾಗೆ. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಆ ಇದ್ದಿಲನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಆಮೇಲೆ ಎಲ್ಲರ ಕೈಗೂ ಒಂದಿಷ್ಟು ಹಸಿ ಹಿಟ್ಟು ಕೊಟ್ಟರು. ಮೈಯಲ್ಲಿ ಎಲ್ಲಿ ನೋವಿದೆಯೋ ಅಲ್ಲಿ ಒತ್ತಿ, ಮುಷ್ಟಿಯ ಗುರುತು ಮೂಡಿಸಿ ವಾಪಸು ಹಾಕಬೇಕು. ಮೋಲಾ ಮೊಣಕಾಲಿಗೆ ಒತ್ತಿಕೊಂಡಳು, ಅಮ್ಮ ನಡುವಿಗೆ ಒತ್ತಿಕೊಂಡಳು. ಆ ಹಿಟ್ಟು, ಹಿಟ್ಟಿನದೇ ಒಂದು ಬೊಂಬೆ, ಉಳಿದ ಸಾರು ಎಲ್ಲವನ್ನೂ ಒಂದು ಹಳೆಯ ಪಾತ್ರೆಗೆ ಹಾಕಿ, ಹುಲ್ಲಿನ ಪಂಜು ಹಚ್ಚಿಕೊಂಡು ಮನೆಯ ಮೂಲೆಮೂಲೆ ಸುತ್ತಿ, ಕೂಗುತ್ತ ಓಡಿ ದಾರಿ ಕೂಡುವಲ್ಲಿ ಚೆಲ್ಲಿ ಬಂದರು. ತಿರುಗಿ ನೋಡಬಾರದು. ನಮ್ಮ ಆಯಿ ನನಗೆ ದೃಷ್ಟಿಯಾದಾಗ ನಿವಾಳಿಸಿ ಮೂರು ದಾರಿ ಕೂಡಿದಲ್ಲಿ ಒಗೆದು, ಹಿಂತಿರುಗಿ ನೋಡದೆ ಬರುವ ಕ್ರಮ ಇದೇ. ಇಷ್ಟು ದೂರದ ಎರಡು ಜನಾಂಗ ನೋವನ್ನು ಹೊರಹಾಕಲು ಒಂದೇ ಜಾಗ ಹುಡುಕಿಕೊಂಡದ್ದು ನನಗೆ ಅಚ್ಚರಿಯಲ್ಲ, ಸಮಾಧಾನ ತಂದಿತು.

ಹೊಸ ವರ್ಷದ ಬೆಳಗ್ಗೆ ಎಲ್ಲರೂ ಚೂಬಾ ಉಟ್ಟಿದ್ದರು. ಬುದ್ಧನ ಮುಂದೆ ಕರಿದ ಖಾಪ್ಸೆಗಳನ್ನು ಗೋಪುರದಂತೆ ಪೇರಿಸಿದ್ದರು. ಬಾಗಿಲಲ್ಲಿ ಚೆಮಾರ್ ಪೆಟ್ಟಿಗೆ ಹಿಡಿದು ನಿಂತ ಅಮ್ಮ ನಮಗೂ ಚಾಚಿದರು. ಹುರಿದ ಹಿಟ್ಟನ್ನು ಚಿಟಿಕೆಯಲ್ಲಿ ತೆಗೆದು ಮೇಲಕ್ಕೆ ತೂರಿ, ಕೊನೆಗೆ ತುಸು ಬಾಯಿಗೆ ಹಾಕಿಕೊಳ್ಳಬೇಕು. ಹೀಗೇಕೆ ಎಂದು ಕೇಳಹೋದವಳು ಸುಮ್ಮನಾಗಿ ತೂರಿದೆ. ಕತೆ ಆಮೇಲೆ.

ಕತೆ ಸಂಜೆ ಸಿಕ್ಕಿತು. ಉಪ್ಪು, ಬೆಣ್ಣೆ ಹಾಕಿದ ಚಹಾ ಕುಡಿಯುತ್ತ ಗೆಳತಿಯ ಅಮ್ಮ 2009ರ ಲೋಸರ್ ನೆನಪು ತೆಗೆದರು. ಅದಕ್ಕೆ ಹಿಂದಿನ ವರ್ಷ ಟಿಬೆಟಿನಲ್ಲಿ ಪ್ರತಿಭಟನೆಗಳಾಗಿ ಬಹಳ ಜನ ಸತ್ತಿದ್ದರು, ಸೆರೆಯಾಗಿದ್ದರು. ಆ ದುಃಖಕ್ಕೆ ಜಗತ್ತಿನ ಎಷ್ಟೋ ಕಡೆ ಟಿಬೆಟಿಯನ್ನರು ಆ ವರ್ಷ ಹೊಸ ವರ್ಷದ ಸಂಭ್ರಮ ಮಾಡಲಿಲ್ಲ. ಹೊಸ ಬಟ್ಟೆ ಇಲ್ಲ, ಹಾಡು ಕುಣಿತ ಇಲ್ಲ, ಪ್ರಾರ್ಥನೆ ಮಾತ್ರ. ಆಗ ಸಣ್ಣ ಮಗುವಾಗಿದ್ದ ನನ್ನ ಗೆಳತಿ ಹೊಸ ಅಂಗಿಗೆ ಅತ್ತಳಂತೆ. ಮೋಲಾ ಅವಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು, ನಮ್ಮವರ ಮನೆಯಲ್ಲಿ ಸಾವಾಗಿದೆ ಎಂದಳಂತೆ. ಆ ಮನೆಯನ್ನು ಮಗು ನೋಡಿಲ್ಲ, ಮಗುವಿನ ತಾಯಿಯೂ ನೋಡಿಲ್ಲ. ಅವರಿಬ್ಬರೂ ಹುಟ್ಟಿದ್ದು ಕರ್ನಾಟಕದಲ್ಲಿ.

ಅಲಾಯಿಯ ರಾತ್ರಿ ಗೆಳತಿ ಆಡಿದ ಮಾತಿನ ಉಳಿದರ್ಧ ನನಗೆ ಅಲ್ಲಿ ತಿಳಿಯಿತು. ದೂರದ ದುಃಖವನ್ನು ತನ್ನದೆಂದು ಇಟ್ಟುಕೊಳ್ಳುವುದು ಅವಳ ಜನಕ್ಕೆ ಬದುಕುವ ದಾರಿ. ಅದು ತನ್ನವರಿಗೆ ಮಾತ್ರ ಸಾಧ್ಯ ಎಂದು ಅವಳು ತಿಳಿದಿದ್ದಳು. ನಮ್ಮೂರಲ್ಲಿ ಅವಳು ಕಂಡದ್ದು ಬೇರೆ. ಇಮಾಮ್ ಹುಸೇನರು ನಮ್ಮ ಆಯಿಗೆ ಬಳಗವಲ್ಲ, ಕುಲವಲ್ಲ, ಧರ್ಮವೂ ಅಲ್ಲ. ಆದರೂ ಅವರ ಸಾವಿಗೆ ಕಟಗಿ ಹೊರುತ್ತಾಳೆ. ಸಾವಿರದ ಮುನ್ನೂರು ವರ್ಷಗಳಾಚೆಯ, ಬೇರೆಯವರ ದುಃಖಕ್ಕೆ ಒಂದು ಊರು ಜಾಗ ಮಾಡಿಕೊಟ್ಟಿದೆ. ಅಂದಮೇಲೆ ಟಿಬೆಟಿನ ದುಃಖಕ್ಕೂ ಈ ನಾಡಿನಲ್ಲಿ ಜಾಗವಿದೆ ಎಂದು ಅವಳಿಗೆ ಅನ್ನಿಸಿತಂತೆ. ಅವಳು ಇದನ್ನು ಹೇಳಿದಾಗ ನಮ್ಮೂರಿನ ಬಗ್ಗೆ ನನಗೆ ಹುಟ್ಟಿದ ಅಭಿಮಾನ ಯಾವ ಶಾಸನ, ಕೋಟೆ ನೋಡಿದಾಗಲೂ ಹುಟ್ಟಿರಲಿಲ್ಲ.

ನಂಬಿಕೆ ಅಂದರೆ ದೇವರಿದ್ದಾನೆ ಎಂದು ಒಪ್ಪುವುದು ಎಂದು ಕಾಲೇಜಿನ ಚರ್ಚೆಗಳಲ್ಲಿ ಮಾತಾಗುತ್ತದೆ. ಒಪ್ಪುವವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ನನ್ನ ಆಯಿಯ ನಂಬಿಕೆ ಈ ಚರ್ಚೆಗೆ ಸಿಗುವುದಿಲ್ಲ. ಅವಳಿಗೆ ಕರ್ಬಲಾ ಯಾವ ದಿಕ್ಕಿಗಿದೆ ಗೊತ್ತಿಲ್ಲ, ಶಿಯಾ ಸುನ್ನಿ ಭೇದ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ತನ್ನ ಪಾಲು. ಮಾತು ಕೊಟ್ಟಿದ್ದೇನೆ, ಹೊರಬೇಕು. ಈ ಹೊರುವಿಕೆಯೇ ಅವಳ ನಂಬಿಕೆ. ಹುಬ್ಬಳ್ಳಿಯ ಗೆಳತಿಯ ರೋಜಾ ಕೂಡ ಹೊರುವುದೇ. ಗುಥುಕ್‌ನ ಎರಡನೇ ಪಾತ್ರೆಯೂ ಹೊರುವುದೇ. ಮೂವರಿಗೂ ಒಂದೇ ದೇವರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಹುಬ್ಬಳ್ಳಿಯವಳೂ ಒಪ್ಪಲಿಕ್ಕಿಲ್ಲ, ದೇವರ ಮಾತನ್ನೇ ಬದಿಗಿಡುವ ಬೌದ್ಧ ಗೆಳತಿಯೂ ಒಪ್ಪಲಿಕ್ಕಿಲ್ಲ. ಒಪ್ಪಿಗೆ ಬೇರೆ ಬೇರೆ ಇದ್ದರೂ ಒಬ್ಬರ ಹೊರೆಗೆ ಇನ್ನೊಬ್ಬರು ಕೈ ಕೊಡಬಹುದು. ನಮ್ಮ ಮೂವರ ಸ್ನೇಹ ನಿಂತದ್ದು ಅದರ ಮೇಲೆ.

ಇದೆಲ್ಲ ಇಷ್ಟೇ ಸಲೀಸಾಗಿ ನಡೆದುಕೊಂಡು ಹೋಗುತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹಲಗೆ ಬಾರಿಸುವ ದಲಿತ ಕೇರಿಗೆ ಅಲಾಯಿ ದೇವರು ಹೋಗುತ್ತದೆ, ಆ ಕೇರಿಯವರು ಹಬ್ಬದ ಮರುದಿನ ಹೋಟೆಲಿನ ಒಳಗೆ ಕೂತು ಚಹಾ ಕುಡಿಯಲು ಇನ್ನೂ ಕಷ್ಟವಿರುವ ಊರುಗಳಿವೆ. ಹಬ್ಬ ತೆರೆದ ಬಾಗಿಲನ್ನು ವರ್ಷದ ಉಳಿದ ದಿನಗಳು ಮುಚ್ಚುತ್ತವೆ. ಈಚೆಗೆ ಹುಡುಗರ ಮೊಬೈಲಿನಲ್ಲಿ ಬರುವ ಸಂದೇಶಗಳು ಎರಡು ಬಗೆ. ಇದು ನಮ್ಮ ಧರ್ಮದಲ್ಲಿಲ್ಲ ಎನ್ನುವುದು ಒಂದು, ಅವರ ದೇವರು ನಮಗೇಕೆ ಎನ್ನುವುದು ಇನ್ನೊಂದು. ಹಬ್ಬದ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಸೇರುವುದು ವಾಡಿಕೆಯಾಗಿದೆ. ತನ್ನ ಮನಸ್ಸಿಗೆ ಸರಿಕಾಣದ್ದರಿಂದ ಯಾರಾದರೂ ಕುಣಿಯಿಂದ ದೂರ ಉಳಿದರೆ ಅದು ಅವರ ಹಕ್ಕು. ನನ್ನ ಗೆಳತಿ ದೂರವೇ ಉಳಿದಳು, ಉಳಿದೇ ನಮ್ಮ ಮನೆಯ ಚೊಂಗೆ ಲಟ್ಟಿಸಿದಳು. ಆದರೆ ಬೇರೆಯವರ ತಲೆಯ ಮೇಲಿನ ಹೊರೆಯನ್ನು ಕಿತ್ತು ಬಿಸಾಡಲು ಬರುವವರನ್ನು ನಾನು ವಿರೋಧಿಸುತ್ತೇನೆ. ಆ ಹೊರೆಯಲ್ಲಿ ಒಬ್ಬ ತಾಯಿಯ ಮಾತಿದೆ, ಊರಿನ ಕಣ್ಣೀರಿದೆ, ಗುಳೆ ಹೋದವರು ಮರಳುವ ದಾರಿ ಇದೆ.

ಮಾರ್ಚ್ 10 ಈಗ ನನ್ನ ಕ್ಯಾಲೆಂಡರಿನಲ್ಲೂ ಗುರುತು ಹಾಕಿದ ದಿನ. 1959ರ ಆ ದಿನ ಲ್ಹಾಸಾದ ಜನ ಚೀನಾದ ಆಡಳಿತದ ವಿರುದ್ಧ ಎದ್ದು ನಿಂತರು. ಜಗತ್ತಿನ ಎಷ್ಟೋ ಕಡೆ ಟಿಬೆಟಿಯನ್ನರು ಅದನ್ನು ನೆನೆಯುತ್ತಾರೆ, ಮುಂಡಗೋಡದಲ್ಲೂ ಮೆರವಣಿಗೆ ಮಾಡಿ ನೆನೆಯುತ್ತಾರೆ. ಆ ಮೆರವಣಿಗೆಯಲ್ಲಿ ನಾನು ಘೋಷಣೆ ಕೂಗಲಿಲ್ಲ, ನನಗೆ ಆ ಭಾಷೆ ಬಾರದು. ಬಿಸಿಲಲ್ಲಿ ನಡೆದು ಬಂದವರಿಗೆ ನೀರು ಕೊಡುವ ಕೆಲಸ ಹಿಡಿದೆ. ಹುಬ್ಬಳ್ಳಿಯವಳು ಲೋಟ ತೊಳೆದು ತೊಳೆದು ಕೊಟ್ಟಳು. ಒಬ್ಬ ಮುದುಕರು ನೀರು ಕುಡಿದು, ಯಾವ ಊರು ಮಗಳೇ ಎಂದು ಹಿಂದಿಯಲ್ಲಿ ಕೇಳಿದರು. ಮುದಗಲ್ಲಿನ ಕಡೆಯವಳು ಎಂದೆ. ಅವರಿಗೆ ಆ ಊರು ಗೊತ್ತಿರಲಿಲ್ಲ, ಇನ್ನೊಂದು ಲೋಟ ಕೇಳಿದರು.

ಬೇರೆ ಬೇರೆ ಊರು, ಭಾಷೆ, ಧರ್ಮದವರು ಒಂದೇ ಕೋಣೆಯಲ್ಲಿ ಇರುವ ಭಾಗ್ಯ ವಿದ್ಯಾರ್ಥಿಗಳಿಗೆ ಸಿಕ್ಕಷ್ಟು ಬೇರೆ ಯಾರಿಗೂ ಸಿಗುವುದಿಲ್ಲ. ಒಬ್ಬರ ಹಬ್ಬದ ಸಿಹಿ ಇನ್ನೊಬ್ಬರು ತಿನ್ನುತ್ತೇವೆ, ಫೋಟೋ ತೆಗೆದುಕೊಳ್ಳುತ್ತೇವೆ. ಅದು ಒಳ್ಳೆಯದೇ, ಆದರೆ ಸಾಲದು. ಗೆಳೆಯರ ಹಬ್ಬಕ್ಕೆ ಹೋದಾಗ ನೆಂಟರ ಹಾಗೆ ಎಲೆಯ ಮುಂದೆ ಕೂಡದೆ, ಅಲ್ಲಿ ನಡೆಯಬೇಕಾದ ಕೆಲಸದಲ್ಲಿ ನಮಗೊಂದು ಪಾಲು ಕೇಳಿ ಪಡೆಯಬೇಕು. ಅವರು ಅಳುವ ದಿನ ಯಾವುದು ಎಂದು ತಿಳಿದು, ಆ ದಿನವೂ ಹೋಗಬೇಕು. ಆಯಿಗೆ ಈಗ ಹೊರೆ ಎತ್ತಲಾಗುತ್ತಿಲ್ಲ. ಬರುವ ಅಲಾಯಿಗೆ ನಮ್ಮ ಮನೆಯ ಕಟಗಿಯನ್ನು ನಾನು ಹೊರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಸೂಜಿಯಿಂದಲೋ ದೇವರಿಂದಲೋ ಎಂಬ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಮಾತು ಕೊಟ್ಟಾಗಿದೆ, ಹೊರುತ್ತೇನೆ. ಇಬ್ಬರು ಗೆಳತಿಯರೂ ಬರುತ್ತೇವೆಂದಿದ್ದಾರೆ, ಇಬ್ಬರಿಗೂ ನಮ್ಮ ಮನೆಯಲ್ಲಿ ಕೆಲಸವಿದೆ.